ಭಂಡಾರವೂ ಕರಣವೂ: ಬಸವಚರಿತ್ರೆಯ ಒಂದು ಪ್ರಸಂಗದ ವಿಮರ್ಶೆ

ಕೋಲಾರದ ಮೂಡಣ ಅಂಚಿನಲ್ಲಿ ಶ್ರೀನಿವಾಸಪುರ ತಾಲ್ಲೂಕಿಗೆ ಸೇರಿದ ರಾಯಲ್ಪಾಡು ಮೊದಲಾದ ಗ್ರಾಮಗಳಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯೊಳಗೆ ನಡೆಯುತ್ತವೆ. ಅರಸನ ಧನವಿರುವ ಎಡೆಯನ್ನು ಹೇಳುವುದಕ್ಕೆ ಈ ಸೀಮೆಯಲ್ಲಿ ಮೂರು ಮಾತುಗಳುಂಟು. ಕನ್ನಡದ ಬೊಕ್ಕಸ, ತೆಲುಗಿನ ಬೊಕ್ಕಸಮು, ತಮಿಳಿನ ಪೊಕ್ಕಿಷಂ ಎಂಬುವು ಒಂದೇ ಪದದ ಮೂರು ರೂಪಗಳು. ಭಂಡಾರವು ಸಂಸ್ಕೃತದ ಭಾಂಡಾಗಾರಶಬ್ದದಿಂದ ಇಳಿದುಬಂದುದು. ಖಜಾನೆಯು ಅರಬ್ಬೀ ಮೂಲದ್ದಾಗಿ, ಪಾರಸಿಯ ದ್ವಾರದಿಂದ ಪ್ರವೇಶಿಸಿ, ತಾಲ್ಲೂಕು ಕಚೇರಿಯ ಮಾತಾಗಿ ನಿಂತಿತು. ನಿಘಂಟಿನಲ್ಲಿ ಈ ಮೂರೂ ಪರ್ಯಾಯಪದಗಳೇ. ಆದರೆ ಶಬ್ದಕೋಶದಲ್ಲಿ ಒಂದಾದ ಮಾತ್ರಕ್ಕೆ ರಾಜಕೋಶದಲ್ಲಿಯೂ ಅವು ಒಂದೇ ಆಗಿದ್ದುವೆಂದು ತಿಳಿಯುವುದು ಸಾಧುವಲ್ಲ. ಖಜಾನೆಯೆಂದೊಡನೆ ಕಂದಾಯ, ಜಮಾಖರ್ಚು, ಮುಂಗಡ ಅಂದಾಜು ಇವೆಲ್ಲವೂ ಮನಸ್ಸಿಗೆ ಬರುವುದರಿಂದ ಈಗಿನ ಓದುಗನು ಹಳೆಯ ಭಂಡಾರವನ್ನೂ ಅದೇ ಅಚ್ಚಿನಲ್ಲಿ ಎರಕಹೊಯ್ದು ನೋಡುತ್ತಾನೆ.

ಈ ಎರಕದಿಂದ ಹೆಚ್ಚಿನ ಅಪಾರ್ಥವುಂಟಾಗಿರುವುದು ಬಸವಣ್ಣನ ಚರಿತ್ರೆಯಲ್ಲಿ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನನ್ನು ಪಾಠಶಾಲೆಗಳಲ್ಲಿ ಅರ್ಥಮಂತ್ರಿಯೆಂದು ವಿವರಿಸುವುದು ವಾಡಿಕೆಯಾಗಿದೆ. ಹಾಗೆ ವಿವರಿಸಿದ ಮೇಲೆ ಪುರಾಣಗಳಲ್ಲಿ ಬರುವ ಭಂಡಾರದ ಎಣಿಕೆಯ ಪ್ರಸಂಗಕ್ಕೆ ಎರಡೇ ಅರ್ಥಗಳು ಉಳಿಯುತ್ತವೆ: ಬಸವಣ್ಣನು ರಾಜ್ಯದ ಆದಾಯವನ್ನು ಭಕ್ತರ ಪಾಲಿಗೆ ತಿರುಗಿಸಿದನು, ಕವಿಯು ಪವಾಡದ ಪರದೆಯಿಂದ ಅದನ್ನು ಮುಚ್ಚಿದನು ಎಂಬುದೊಂದು, ಬಸವಣ್ಣನು ಪ್ರಜಾಹಿತದ ಹೊಸ ಆರ್ಥಿಕನೀತಿಯನ್ನು ತಂದನು ಎಂಬುದಿನ್ನೊಂದು. ಒಂದು ಪಕ್ಷವು ಕವಿಯನ್ನು ವಂಚಕನನ್ನಾಗಿ ಮಾಡುತ್ತದೆ, ಇನ್ನೊಂದು ಪಕ್ಷವು ಹನ್ನೆರಡನೆಯ ಶತಮಾನವನ್ನು ಇಪ್ಪತ್ತನೆಯದನ್ನಾಗಿ ಮಾಡುತ್ತದೆ. ಭಂಡಾರಿಯ ಅಧಿಕಾರವು ಯಥಾರ್ಥವಾಗಿ ಏನಾಗಿದ್ದಿತೆಂಬುದನ್ನು ನಿಶ್ಚಯಿಸಿಕೊಂಡರೆ ಈ ಎರಡು ಪಕ್ಷಗಳಿಗೂ ಆಧಾರವಿಲ್ಲವೆಂದು ಕಾಣುವುದು.

ಮೊದಲು ಶಾಸ್ತ್ರದ ಕಡೆಗೆ ನೋಡಬೇಕು. ಮೈಸೂರಿನ ಪ್ರಾಚ್ಯಕೋಶಾಗಾರದಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾಗಿದೆ. ಅದರ ಎರಡನೆಯ ಅಧಿಕರಣದಲ್ಲಿ ಮೂರು ಅಧಿಕಾರಗಳು ಒಂದರ ಹಿಂದೊಂದು ಬರುತ್ತವೆ. ಆದಾಯವನ್ನು ಎಲ್ಲೆಡೆಯಿಂದ ಒಟ್ಟುಗೂಡಿಸುವವನು ಸಮಾಹರ್ತೃ. ಬಂದುದನ್ನು ಇರಿಸಿ ಕಾಯುವವನು ಸನ್ನಿಧಾತೃ. ಲೆಕ್ಕವನ್ನು ಬರೆದು ಪರಿಶೋಧಿಸುವ ಎಡೆ ಅಕ್ಷಪಟಲ. ಧಾತ್ವರ್ಥವೇ ಭೇದವನ್ನು ಹೇಳುತ್ತದೆ: ಒಬ್ಬನು ‘ಹರಿಸಿ ತರುವವನು’, ಇನ್ನೊಬ್ಬನು ‘ಬಳಿಯಲ್ಲಿ ಇಡುವವನು’. ಸನ್ನಿಧಾತೃವಿನ ಕಟ್ಟಡಗಳ ಪಟ್ಟಿಯನ್ನು ನೋಡಿದರೆ ಇದು ಇನ್ನೂ ವಿಶದವಾಗುವುದು. ಕೋಶಗೃಹ, ಪಣ್ಯಗೃಹ, ಕೋಷ್ಠಾಗಾರ, ಕುಪ್ಯಗೃಹ, ಆಯುಧಾಗಾರ ಇವುಗಳೊಡನೆ ಬಂಧನಾಗಾರವೂ ಅವನದೇ. ಹೊನ್ನನ್ನು ಕಾಯುವವನಿಗೆ ಸೆರೆಯಾಳುಗಳನ್ನೂ ಒಪ್ಪಿಸಿರುವುದನ್ನು ನೋಡಿ ನಗುವವರು ನಗಲಿ. ಅವನ ಧರ್ಮವು ಆರ್ಥಿಕಚಿಂತನೆಯಲ್ಲ, ಬೀಗಮುದ್ರೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಭಾಂಡಾಗಾರಶಬ್ದವೂ ಇದನ್ನೇ ಸಮರ್ಥಿಸುತ್ತದೆ. ಭಾಂಡವೆಂದರೆ ಪಾತ್ರೆ, ಸರಕು, ಒಡವೆ. ಅವುಗಳ ಆಗಾರ ಭಾಂಡಾಗಾರ. ಗೃಹಸ್ಥನ ಉಗ್ರಾಣವು ಅರಸನ ಮನೆಯಲ್ಲಿ ದೊಡ್ಡದಾಗಿ ಬೆಳೆದು ರಾಜಭಂಡಾರವಾಯಿತು. ಕಲ್ಹಣನು ಹನ್ನೆರಡನೆಯ ಶತಮಾನದಲ್ಲಿ ಬರೆದ ರಾಜತರಂಗಿಣಿಯಲ್ಲಿ, ಲಲಿತಾದಿತ್ಯನು ಹಳೆಯ ಹದಿನೆಂಟು ಕರ್ಮಸ್ಥಾನಗಳ ಮೇಲೆ ಐದು ಮಹಾಪದವಿಗಳನ್ನು ಸ್ಥಾಪಿಸಿದನೆಂದು ಹೇಳಿದೆ. ಮಹಾಪ್ರತೀಹಾರ, ಮಹಾಸಂಧಿವಿಗ್ರಹ, ಮಹಾಶ್ವಶಾಲೆಗಳ ಸಾಲಿನಲ್ಲಿ ಮಹಾಭಾಂಡಾಗಾರವೂ ಇದೆ. ಬಾಗಿಲು ಕಾಯುವವನು, ಕುದುರೆ ಕಾಯುವವನು, ಭಂಡಾರ ಕಾಯುವವನು! ಅರಮನೆಯ ಊಳಿಗಗಳೇ ರಾಜ್ಯದ ಪದವಿಗಳಾಗಿ ಉಬ್ಬಿದ ಬಗೆ ಈ ಸಾಲಿನಲ್ಲಿ ಕಣ್ಣಿಗೆ ಕಟ್ಟುವಂತಿದೆ.

ಇದು ಭಾರತಕ್ಕೆ ಮಾತ್ರ ವಿಶೇಷವಾದುದಲ್ಲ. ಇಂಗ್ಲೆಂಡಿನಲ್ಲಿ ಅರಸನ ಉಡುಪುಗಳನ್ನಿಡುತ್ತಿದ್ದ ಕೋಣೆಯಾದ ‘ವಾರ್ಡ್‌ರೋಬ್’ ಎಂಬುದು ಹದಿಮೂರನೆಯ ಶತಮಾನದಲ್ಲಿ ಒಂದನೆಯ ಎಡ್ವರ್ಡನ ಯುದ್ಧಗಳಿಗೆ ಹಣವೊದಗಿಸುವ ಇಲಾಖೆಯಾಗಿ ಬೆಳೆದಿತ್ತು. ಲೆಕ್ಕದ ಸ್ಥಾನವಾದ ‘ಎಕ್ಸ್‌ಚೆಕರ್’ ಅದರಿಂದ ಬೇರೆಯಾಗಿಯೇ ಇದ್ದಿತು. ಟೌಟ್ ಎಂಬ ವಿದ್ವಾಂಸನು 1920ರಿಂದ 1933ರ ವರೆಗೆ ಹೊರಬಂದ ಆರು ಸಂಪುಟಗಳಲ್ಲಿ ಈ ವೃತ್ತಾಂತವನ್ನು ಸವಿಸ್ತರವಾಗಿ ನಿರೂಪಿಸಿದ್ದಾನೆ. ಕನ್ನಡನಾಡಿನವರಿಗೆ ಇದು ಹೊಸದಾಗಿ ತೋರಬೇಕಾಗಿಲ್ಲ. ಜಾಮದಾರಖಾನೆಯೆಂಬಲ್ಲಿ ‘ಜಾಮ’ ಎಂದರೆ ಉಡುಪೇ. ಆದರೂ ರಾಜಾಭರಣಗಳಿರುವ ಸ್ಥಾನವೆಂದೇ ಅದಕ್ಕೆ ರೂಢಿ.

ಶಾಸನಗಳಿಗೆ ಬಂದರೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕರಣವೂ ಭಂಡಾರವೂ ಬೇರೆಬೇರೆಯಾಗಿ ನಿಂತಿರುವುದು ಕಂಡುಬರುತ್ತದೆ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳನ್ನು ದೇವಾಲಯಕ್ಕೆ ಬಿಟ್ಟುಕೊಡುವಾಗ ಧಾರೆಯೆರೆಯುವವರು ಆಯಾ ಸುಂಕದ ಅಧಿಕಾರಿಗಳು. ಬರೆಹಲೆಕ್ಕಗಳು ಶ್ರೀಕರಣದವರ ಕೈಯಲ್ಲಿ. ಭಂಡಾರಿಯು ಇವರಿಬ್ಬರ ಕೆಲಸದಲ್ಲಿಯೂ ಕೈಹಾಕುವುದಿಲ್ಲ. ಭಂಡಾರಿಶಬ್ದಕ್ಕೆ ‘ಕಾಯುವವನು’ ಎಂಬುದೇ ಮುಖ್ಯಾರ್ಥವೆಂಬುದಕ್ಕೆ 1058ರ ನಾಗಾವಿಯ ಶಾಸನವು ಸೊಗಸಾದ ನಿದರ್ಶನ: ಅಲ್ಲಿಯ ಘಟಿಕಾಸ್ಥಾನದಲ್ಲಿ ಇನ್ನೂರು ಮಂದಿ ವೇದವಿದ್ಯಾರ್ಥಿಗಳು, ಐವತ್ತೆರಡು ಮಂದಿ ಶಾಸ್ತ್ರವಿದ್ಯಾರ್ಥಿಗಳು, ಅವರ ಉಪಾಧ್ಯಾಯರು, ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗರು. ಪುಸ್ತಕಗಳನ್ನು ಕಾಪಾಡುವವರಿಗೂ ಹೊನ್ನನ್ನು ಕಾಪಾಡುವವನಿಗೂ ಒಂದೇ ಹೆಸರು. ಶರಣರಲ್ಲಿಯೂ ವಚನಗಳ ಓಲೆಗಳನ್ನು ಕಾಯ್ದನೆಂದು ಪ್ರಸಿದ್ಧನಾದ ಶಾಂತರಸನು ಭಂಡಾರಿ ಎನಿಸಿಕೊಂಡನು. ಬೊಕ್ಕಸದ ಚಿಕ್ಕಣ್ಣನೆಂಬ ಇನ್ನೊಬ್ಬ ವಚನಕಾರನೂ ಇದ್ದಾನೆ.

ಹೊಯ್ಸಳರಲ್ಲಿ ಈ ಪದವಿಯು ಅರಸನ ಮೈಗೆ ಇನ್ನಷ್ಟು ಹತ್ತಿರವಾಯಿತು. ವಿಷ್ಣುವರ್ಧನನ ಕಾಲದ ದಂಡನಾಯಕರಾದ ಮರಿಯಾನೆ ಮತ್ತು ಭರತ ಎಂಬ ಸೋದರರಿಗೆ ಸರ್ವಾಧಿಕಾರಿ, ಮಾಣಿಕಭಂಡಾರಿ, ಪ್ರಾಣಾಧಿಕಾರಿ ಎಂಬ ಮೂರು ಪದವಿಗಳು ಒಟ್ಟಿಗೆ ಇದ್ದುವು. ಮಾಣಿಕ್ಯಗಳನ್ನು ಕಾಯುವುದೂ ಪ್ರಾಣವನ್ನು ಕಾಯುವುದೂ ಒಂದೇ ಉಸಿರಿನಲ್ಲಿ ಹೇಳಲ್ಪಟ್ಟಿರುವುದು ಆಕಸ್ಮಿಕವಲ್ಲ. ಮಾಣಿಕಭಂಡಾರಿಯೆಂಬ ವಿಶೇಷನಾಮಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಕೌಟಿಲ್ಯನು ರತ್ನಪರೀಕ್ಷೆಯನ್ನು ಕೋಶಪ್ರವೇಶದ ಅಂಗವಾಗಿಯೇ ಹೇಳಿದನು. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೂ ಕೋಶಪ್ರಕರಣದ ಬಹುಭಾಗವು ರತ್ನಗಳ ಗುಣದೋಷಪರೀಕ್ಷೆಗೇ ಮೀಸಲು. ಅರ್ಥಮಂತ್ರಿಗೆ ವಜ್ರದ ಕಲೆಯನ್ನು ಗುರುತಿಸುವ ವಿದ್ಯೆ ಏತಕ್ಕೆ? ಭಂಡಾರಿಗೆ ಅದು ಅವಶ್ಯಕ.

ಬಸವಣ್ಣನ ಸಮಕಾಲೀನನಾದ ಇನ್ನೊಬ್ಬ ಭಂಡಾರಿಯ ಚರಿತ್ರೆಯು ಶಿಲೆಯಲ್ಲಿಯೇ ಉಳಿದಿರುವುದು ವಿಮರ್ಶಕರ ಭಾಗ್ಯ. ಒಂದನೆಯ ನರಸಿಂಹನ ಹಿರಿಯಭಂಡಾರಿಯಾದ ಹುಳ್ಳನು ಶ್ರವಣಬೆಳಗೊಳದಲ್ಲಿ ಚತುರ್ವಿಂಶತಿ ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಜನರು ಅದನ್ನು ಭಂಡಾರಿಬಸದಿಯೆಂದೇ ಕರೆಯುತ್ತಾರೆ. 1159ರ ಶಾಸನದ ಪ್ರಕಾರ ಅರಸನು ಆ ಬಸದಿಗೆ ಭವ್ಯಚೂಡಾಮಣಿಯೆಂದು ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿಯಾಗಿ ಕೊಟ್ಟನು. ಇಲ್ಲಿ ಗಮನಿಸಬೇಕಾದುದೊಂದುಂಟು. ಬಸದಿ ಹುಳ್ಳನದು, ಗ್ರಾಮ ಅರಸನದು. ಶಾಸನಕಾರನು ಈ ಎರಡು ಧರ್ಮಗಳನ್ನು ಒಂದಾಗಿ ಬೆರೆಸದೆ ಯಾರದನ್ನು ಯಾರ ಹೆಸರಿನಲ್ಲಿ ಬರೆಯಬೇಕೋ ಹಾಗೆ ಬರೆದಿದ್ದಾನೆ. ಚಾವುಂಡರಾಯ, ಗಂಗರಾಜರ ಬಳಿಕ ಮೂರನೆಯವನೆಂದು ಹೊಗಳಿಸಿಕೊಂಡ ಹುಳ್ಳನಂಥ ಪ್ರಬಲನ ವಿಷಯದಲ್ಲಿಯೂ ಭಂಡಾರಿಯ ಸ್ವಂತದ ದಾನಕ್ಕೂ ಅರಸನ ದತ್ತಿಗೂ ನಡುವೆ ಗೆರೆಯಿದ್ದಿತು. ಆ ಗೆರೆಯನ್ನು ದಾಟಿದನೆಂಬುದೇ ಕಲ್ಯಾಣದಲ್ಲಿ ಬಸವಣ್ಣನ ಮೇಲೆ ಬಂದ ಆಕ್ಷೇಪ.

ಭಂಡಾರಿಯು ಅರಸನ ಮೈಗಾವಲಿನವನಿಗೆ ಸಮನೆಂಬ ಭಾವನೆಯು ಎಷ್ಟು ಕಾಲ ಉಳಿಯಿತೆಂಬುದಕ್ಕೆ ಕೋಲಾರದಲ್ಲಿಯೇ ಒಂದು ಸಾಕ್ಷ್ಯವಿದೆ. ಅದು ತೀರ ಈಚಿನದಾದರೂ ಬಿಡತಕ್ಕುದಲ್ಲ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ತೀರಿಕೊಂಡಾಗ ಟಿಪ್ಪುವು ದೂರದ ಮಲೆಯಾಳದ ಕಡೆಯಲ್ಲಿದ್ದನು. ಸಾವಿನ ಸುದ್ದಿಯನ್ನು ಹೊರಬೀಳದಂತೆ ತಡೆದವರಲ್ಲಿ ಮುಖ್ಯರು ತೋಷೇಖಾನೆಯ ಅಧಿಕಾರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು. ವಿಲ್ಕ್ಸನು ತನ್ನ ಚರಿತ್ರೆಯಲ್ಲಿ ಬರೆದಿರುವಂತೆ, ಕಳೇಬರವನ್ನು ಪರಿಮಳದ್ರವ್ಯಗಳೊಡನೆ ದೊಡ್ಡದೊಂದು ಪೆಟ್ಟಿಗೆಯಲ್ಲಿಟ್ಟು, ಬೆಲೆಯುಳ್ಳ ಧನವನ್ನು ಸಾಗಿಸುವ ರೀತಿಯಲ್ಲಿ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿ ಹೈದರನ ತಂದೆಯಾದ ಫತೆ ಮಹಮ್ಮದನ ಗೋರಿಯ ಬಳಿ ಇರಿಸಿದರು. ಅನಂತರ ಅದನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಭಂಡಾರದ ಪೆಟ್ಟಿಗೆಯೆಂದರೆ ಯಾರೂ ಮುಟ್ಟತಕ್ಕುದಲ್ಲ, ತೆರೆಯತಕ್ಕುದಲ್ಲ ಎಂಬ ರೂಢಿಯು ಬಲವಾಗಿದ್ದುದರಿಂದಲೇ ಈ ಉಪಾಯ ಫಲಿಸಿತು. ರಾಯಲ್ಪಾಡಿನ ತಾಲ್ಲೂಕಿನ ಕಸಬೆಗೆ, ಪಾಪನಪಲ್ಲಿಯೆಂಬ ಹಳೆಯ ಹೆಸರನ್ನು ತೆಗೆದು ಶ್ರೀನಿವಾಸಪುರವೆಂದು ಹೆಸರು ಬಂದುದೂ ಇದೇ ಪೂರ್ಣಯ್ಯನಿಂದ ಎಂದು ಹೇಳುತ್ತಾರೆ.

ರಾಯಲ್ಪಾಡಿನ ಹೆಸರಿನಲ್ಲಿಯೇ ‘ರಾಯಲ’ ಎಂಬುದು ಇರುವುದರಿಂದ ಆ ಊರಿಗೆ ವಿಜಯನಗರದ ಅರಸರ ಸಂಬಂಧವನ್ನು ಕಲ್ಪಿಸುವ ಆಸೆ ಹುಟ್ಟುವುದು ಸಹಜ. ಆದರೆ ಹೆಸರಿನಿಂದ ಚರಿತ್ರೆಯನ್ನು ಕಟ್ಟುವುದು ಅಪಾಯಕರ. ರಾಯಲಸೀಮೆಯೆಂಬ ಹೆಸರನ್ನು ಎಷ್ಟೋ ಜನರು ಪುರಾತನವೆಂದು ಭಾವಿಸಿದ್ದಾರೆ. ಅದು ಹುಟ್ಟಿದುದು 1928ರಲ್ಲಿ, ನಂದ್ಯಾಲದ ಸಭೆಯಲ್ಲಿ. ವಿಜಯನಗರದ ಮುಳುವಾಯಿ ರಾಜ್ಯಕ್ಕೆ ನೆರೆಯ ಮುಳಬಾಗಿಲೇ ರಾಜಧಾನಿಯಾಗಿದ್ದಿತೆಂಬುದು ಶಾಸನಸಿದ್ಧವಾದುದರಿಂದ ಊರಹೆಸರಿನ ಆಸರೆ ಈ ಸೀಮೆಗೆ ಬೇಕಾಗಿಯೂ ಇಲ್ಲ.

ಇನ್ನು ಕಾವ್ಯಗಳು. ಬಸವಣ್ಣನು ಅಧಿಕಾರಕ್ಕೆ ಬಂದ ಬಗೆಯನ್ನು ಹರಿಹರನು ಒಂದು ರೀತಿಯಲ್ಲಿ ಹೇಳಿದರೆ, ಪಾಲ್ಕುರಿಕೆ ಸೋಮನಾಥನೂ ಅವನನ್ನನುಸರಿಸಿ 1369ರಲ್ಲಿ ಕನ್ನಡ ಬಸವಪುರಾಣವನ್ನು ಬರೆದ ಭೀಮಕವಿಯೂ ಇನ್ನೊಂದು ರೀತಿಯಲ್ಲಿ ಹೇಳುತ್ತಾರೆ. ಪುರಾಣಗಳಲ್ಲಿ ಸೋದರಮಾವನಾದ ಬಲದೇವ ದಂಡನಾಯಕನು ಕಾಲವಾಗಲು ಅವನ ಪದವಿಯು ನೇರವಾಗಿ ಬಸವಣ್ಣನಿಗೆ ಬರುತ್ತದೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಹಾಗಲ್ಲ. ಮಂಗಳವಾಡಕ್ಕೆ ಬಂದ ಬಸವನು ಸಿದ್ಧದಂಡಾಧೀಶನ ಕರಣಶಾಲೆಯಲ್ಲಿ ಗಣಕರ ಲೆಕ್ಕದ ತಪ್ಪನ್ನು ಕಂಡುಹಿಡಿದು, ಕರಣಿಕನಾಗಿ ಸೇರಿ, ಮೆಟ್ಟಲು ಮೆಟ್ಟಲಾಗಿ ಮೇಲೇರುತ್ತಾನೆ. ಹರಿಹರನು ಹೊಯ್ಸಳರಲ್ಲಿ ಕರಣಿಕನಾಗಿದ್ದನೆಂಬ ಐತಿಹ್ಯವನ್ನು ನಂಬಿದರೂ ಬಿಟ್ಟರೂ, ಆ ಭಾಗದಲ್ಲಿ ಕಚೇರಿಯ ಒಳಗನ್ನು ಬಲ್ಲವನ ಕೈ ಕಾಣುತ್ತದೆ. ಕರಣವು ಬೇರೆ, ಭಂಡಾರವು ಬೇರೆ, ದಂಡನಾಯಕತ್ವವು ಇವೆರಡಕ್ಕೂ ಮೇಲಿನದು ಎಂಬ ತಾರತಮ್ಯವನ್ನು ಅವನು ಮರೆತಿಲ್ಲ. ಮೂರನ್ನೂ ಬೆರಸಿ ‘ಅರ್ಥಮಂತ್ರಿ’ಯೆಂಬ ಒಂದೇ ಮುದ್ದೆಯನ್ನು ಮಾಡಿದವರು ಈಚಿನ ವ್ಯಾಖ್ಯಾನಕಾರರೇ ಹೊರತು ಕವಿಗಳಲ್ಲ.

ಎಣಿಕೆಯ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ಬಸವಣ್ಣನು ಭಂಡಾರದ ಹೊನ್ನನ್ನು ಜಂಗಮರಿಗೆ ಸವೆಯಿಸುತ್ತಿದ್ದಾನೆಂದು ದ್ವೇಷಿಗಳು ಬಿಜ್ಜಳನಲ್ಲಿ ದೂರುತ್ತಾರೆ. ಅರಸನು ಕೆರಳಿ ಭಂಡಾರವನ್ನು ಒಪ್ಪಿಸೆನ್ನುತ್ತಾನೆ. ತೆರೆದು ಎಣಿಸಿದಾಗ ಒಂದು ಹೊನ್ನೂ ಕಡಮೆಯಿಲ್ಲ. ಇಲ್ಲಿ ಅರಸನು ಏನನ್ನು ಕೇಳಿದನು, ಏನನ್ನು ಕೇಳಲಿಲ್ಲ ಎಂಬುದು ಮುಖ್ಯ. ಆಯವ್ಯಯದ ಓಲೆಗಳನ್ನು ತರಿಸಲಿಲ್ಲ; ಕರಣಿಕರನ್ನು ಕರೆಸಿ ಓದಿಸಲಿಲ್ಲ. ಕರಣದಲ್ಲಿ ತಪ್ಪು ಸಿಕ್ಕುವುದು ಓದುವುದರಿಂದ. ಮಂಗಳವಾಡದಲ್ಲಿ ಬಸವನೇ ಹಾಗೆ ತಪ್ಪನ್ನು ಹಿಡಿದವನು. ಭಂಡಾರದಲ್ಲಿ ತಪ್ಪು ಸಿಕ್ಕುವುದು ಎಣಿಸುವುದರಿಂದ. ಭಂಡಾರಿಯನ್ನು ಕೇಳಬಹುದಾದ ಪ್ರಶ್ನೆ ಒಂದೇ: ಇಟ್ಟುದು ಇಟ್ಟಂತೆ ಇದೆಯೋ ಇಲ್ಲವೋ. ಆದುದರಿಂದ ಈ ಪ್ರಸಂಗವು ರಾಜ್ಯಾದಾಯದ ವಿನಿಯೋಗಕ್ಕೆ ಸಂಬಂಧಿಸಿದುದಲ್ಲ, ನಂಬಿಕೆಗೆ ಸಂಬಂಧಿಸಿದುದು. ಆರ್ಥಿಕನೀತಿಯನ್ನು ಇದರಿಂದ ಹಿಂಡಿ ತೆಗೆಯುವವರು ಕಲ್ಲಿನಿಂದ ಎಣ್ಣೆಯನ್ನು ತೆಗೆಯುತ್ತಿದ್ದಾರೆ.

ಹಾಗಾದರೆ ವೆಚ್ಚವಾಯಿತು ಎಂಬುದೂ ಕಡಮೆಯಾಗಲಿಲ್ಲ ಎಂಬುದೂ ಹೇಗೆ ಕೂಡುತ್ತವೆ? ಪವಾಡವೆಂದು ಕೈಬಿಡುವ ಮೊದಲು, ಕವಿಯ ಕಾಲದ ಜನರಿಗೆ ಎರಡು ಬಗೆಯ ಭಂಡಾರಗಳು ಪರಿಚಿತವಾಗಿದ್ದುವೆಂಬುದನ್ನು ನೆನೆಯಬೇಕು. ಒಂದು ಅರಸನದು. ಅದರ ಸ್ವಭಾವವು ನಿಲ್ಲುವುದು. 1443ರಲ್ಲಿ ವಿಜಯನಗರವನ್ನು ಕಂಡ ಅಬ್ದುರ್ ರಜಾಕನು, ಓಲೆಗಳಲ್ಲಿಯೂ ಕಡತಗಳಲ್ಲಿಯೂ ಬರೆಯುವ ಕರಣಿಕರ ಕಚೇರಿಯನ್ನು ಒಂದೆಡೆ ವರ್ಣಿಸಿ, ಅರಮನೆಯೊಳಗೆ ಹೊನ್ನನ್ನು ಕರಗಿಸಿ ಗಟ್ಟಿಯಾಗಿ ತುಂಬಿದ ಗುಳಿಗಳನ್ನು ಬೇರೊಂದೆಡೆ ವರ್ಣಿಸಿದ್ದಾನೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪಯಸನ ಹೇಳಿಕೆಯಂತೂ ಇನ್ನೂ ವಿಚಿತ್ರ: ಒಬ್ಬ ಅರಸನು ಸತ್ತ ಬಳಿಕ ಅವನ ಭಂಡಾರಕ್ಕೆ ಬೀಗಮುದ್ರೆಗಳಾಗಿ, ಮುಂದಿನವರು ಅತ್ಯಂತ ಅವಶ್ಯಕವಾದ ಹೊರತು ಅದನ್ನು ತೆರೆಯುತ್ತಿರಲಿಲ್ಲ. ಕರಗಿಸಿ ಗಟ್ಟಿಮಾಡಿದ ಹೊನ್ನು ನಾಣ್ಯವಾಗಿ ಓಡಾಡಲಾರದು. ಇದಕ್ಕಿಂತ ಜಡವಾದ ಧನವನ್ನು ಕಲ್ಪಿಸುವುದು ಕಷ್ಟ.

ಇನ್ನೊಂದು ದೇವರ ಶ್ರೀಭಂಡಾರ. ಇದರ ಸ್ವಭಾವವು ಹರಿಯುವುದು. ಹನ್ನೊಂದನೆಯ ಶತಮಾನದ ಆರಂಭದಿಂದ 1116ರ ಸುಮಾರಿನ ವರೆಗೆ ಕೋಲಾರದ ಸೀಮೆಯು ಚೋಳರ ಕೈಯಲ್ಲಿದ್ದಿತು. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರಚೋಳನ ಕಾಲದ ತಮಿಳು ಶಾಸನಗಳು ಇವೆ. ಆ ಚೋಳರ ತಂಜಾವೂರಿನ ರಾಜರಾಜೇಶ್ವರದಲ್ಲಿ ದೇವರಿಗಿತ್ತ ಹಣವನ್ನು ಗ್ರಾಮಸಭೆಗಳಿಗೆ ನೂರಕ್ಕೆ ಹನ್ನೆರಡೂವರೆಯಂತೆ ಬಡ್ಡಿಗೆ ಕೊಟ್ಟು, ಬಡ್ಡಿಯಿಂದ ದೀಪನೈವೇದ್ಯಗಳನ್ನು ನಡೆಯಿಸುತ್ತಿದ್ದರು. ಕನ್ನಡ ಶಾಸನಗಳಲ್ಲಿ ಗದ್ಯಾಣಗಳನ್ನು ಮೂಲಧನವಾಗಿಟ್ಟು ನಂದಾದೀವಿಗೆಗೆ ಬಡ್ಡಿಯನ್ನು ಗೊತ್ತುಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ರಾಯಲ್ಪಾಡಿನ ಕಡೆಯ ಯಾತ್ರಿಕರಿಗೆ ದೂರವಲ್ಲದ ತಿರುಪತಿಯಲ್ಲಿ ವಿಜಯನಗರದ ಕಾಲದ ಭಕ್ತರು ಶ್ರೀಭಂಡಾರಕ್ಕೆ ಹಣವನ್ನು ಕಟ್ಟಿದರೆ, ಸ್ಥಾನದವರು ಅದರಿಂದ ದೇವರ ಗ್ರಾಮಗಳಲ್ಲಿ ಕೆರೆಕಾಲುವೆಗಳನ್ನು ಮಾಡಿಸಿ, ಹೆಚ್ಚಿದ ಬೆಳೆಯಿಂದ ದಾತೃವಿನ ಹೆಸರಿನ ಸೇವೆಯನ್ನು ಸಲ್ಲಿಸುತ್ತಿದ್ದರು. ಇಲ್ಲಿ ವೆಚ್ಚವಾಗುತ್ತಲೇ ಇರುತ್ತದೆ. ಮೂಲವು ಮಾತ್ರ ಕಡಮೆಯಾಗುವುದಿಲ್ಲ. ಪವಾಡದ ನುಡಿಯಲ್ಲಿ ಅಕ್ಷಯವೆನ್ನುವುದನ್ನು ಶಾಸನದ ನುಡಿಯಲ್ಲಿ ‘ಆಚಂದ್ರಾರ್ಕಂ’ ಎನ್ನುತ್ತಾರೆ.

ಬಸವಪುರಾಣದ ಕವಿಗಳು ಮಾಡಿರುವುದು ಇಷ್ಟೇ: ಅರಸನ ಭಂಡಾರದ ಮೇಲೆ ದೇವರ ಭಂಡಾರದ ಧರ್ಮವನ್ನು ಆರೋಪಿಸಿದ್ದಾರೆ. ಬಿಜ್ಜಳನಿಗೆ ಹೊನ್ನು ಎಣಿಸತಕ್ಕ ವಸ್ತು, ಬಸವಣ್ಣನಿಗೆ ಸಲ್ಲಿಸತಕ್ಕ ವಸ್ತು. ಎರಡು ದೃಷ್ಟಿಗಳೂ ಒಂದೇ ಪೆಟ್ಟಿಗೆಯ ಮುಂದೆ ಎದುರಾಗುತ್ತವೆ. ಜಂಗಮವೇ ಲಿಂಗವೆಂದು ನಂಬಿದವನಿಗೆ ಜಂಗಮಕ್ಕೆ ಸಂದುದು ಶ್ರೀಭಂಡಾರಕ್ಕೇ ಸಂದುದು. ಅದು ಕಡಮೆಯಾಗಲು ಕಾರಣವಿಲ್ಲ. ಹುಳ್ಳನ ಶಾಸನದಲ್ಲಿ ಅರಸನದೂ ಭಂಡಾರಿಯದೂ ಎಂದು ಎರಡು ಧರ್ಮಗಳು ಬೇರೆಯಾಗಿದ್ದರೆ, ಇಲ್ಲಿ ಕವಿಯು ಮೂರನೆಯ ಒಡೆಯನೊಬ್ಬನನ್ನು ತಂದು ಆ ಗೆರೆಯನ್ನೇ ಅಳಿಸಿದ್ದಾನೆ. ಐತಿಹಾಸಿಕವಾಗಿ ಕಲ್ಯಾಣದಲ್ಲಿ ಏನು ನಡೆಯಿತೆಂಬುದನ್ನು ಈ ಪ್ರಸಂಗದಿಂದ ಹೇಳಲಾಗದು. ಆದರೆ ಕವಿಯು ಕಳವನ್ನು ಮುಚ್ಚಲು ಪವಾಡವನ್ನು ಹೂಡಿದನೆಂಬ ಮಾತು ನಿಲ್ಲುವುದಿಲ್ಲ. ಮುಚ್ಚುವ ಉದ್ದೇಶವಿದ್ದವನು ಭಂಡಾರಿಯ ಪದವಿಗೆ ಅತ್ಯಂತ ಕಠಿನವಾದ ಪರೀಕ್ಷೆಯನ್ನೇ, ಪೆಟ್ಟಿಗೆಯನ್ನು ತೆರೆದು ಎಣಿಸುವುದನ್ನೇ, ಆರಿಸಿಕೊಳ್ಳುತ್ತಿರಲಿಲ್ಲ.

ಈ ಕಥೆಯ ಪ್ರಸಾರದಲ್ಲಿಯೂ ಮೂಡಣ ಗಡಿಯ ಪಾತ್ರವಿದೆ. ತೆಲುಗಿನಲ್ಲಿ ಹುಟ್ಟಿದ ಬಸವಪುರಾಣವು ಭೀಮಕವಿಯಿಂದ ಕನ್ನಡಕ್ಕೆ ಬಂದುದು ಬುಕ್ಕರಾಯನ ಆಳ್ವಿಕೆಯಲ್ಲಿ. ಮುಂದೆ ಎರಡನೆಯ ದೇವರಾಯನ ಕಾಲದಲ್ಲಿ ಇದೇ ಮುಳುವಾಯಿ ಸೀಮೆಯ ಅಧಿಕಾರವನ್ನು ವಹಿಸಿದ್ದ ಲಕ್ಕಣ್ಣದಂಡೇಶನು ಶಿವತತ್ತ್ವಚಿಂತಾಮಣಿಯನ್ನು ರಚಿಸಿದನು. ರಾಜಧನದ ರಕ್ಷಣೆಯನ್ನೂ ಭಕ್ತಿಯನ್ನೂ ಏಕಕಾಲದಲ್ಲಿ ಹೊತ್ತ ದಂಡನಾಯಕನೊಬ್ಬನು ಶರಣಚರಿತ್ರೆಗಳನ್ನು ಬರೆಯುವಾಗ ಭಂಡಾರ, ಕರಣ, ದಂಡ ಎಂಬ ಪದಗಳನ್ನು ಯಾವ ಯಾವ ಅರ್ಥದಲ್ಲಿ ಪ್ರಯೋಗಿಸಿದ್ದಾನೆಂಬುದನ್ನು ಸಂಧಿಸಂಧಿಯಾಗಿ ಸಂಗ್ರಹಿಸಿ, ಹರಿಹರ ಭೀಮಕವಿಗಳ ಪ್ರಯೋಗಗಳೊಡನೆ ಹೋಲಿಸುವ ಕೆಲಸವು ಕನ್ನಡ ಉಪಾಧ್ಯಾಯರ ಕೈಗೆ ಸಲ್ಲತಕ್ಕುದು.